ಅರಿವಳಿಕೆಯ ಉಪಕರಣಗಳೂ ಸೂಕ್ಷ್ಮಜೀವಿಗಳೂ

ಪೀಠಿಕೆ

‘ಅರಿವಳಿಕೆ’ ಎಂಬುದು ಕನ್ನಡದ ವೈದ್ಯ ಪರಿಭಾಷೆಯಲ್ಲಿ ಅತ್ಯಂತ ಅರ್ಥವತ್ತಾದ ಶಬ್ದಗಳಲ್ಲೊಂದು. ಅರಿವು ಎಂದರೆ ಪ್ರಜ್ಞೆ, ಸಂವೇದನೆ. ಹಳಗನ್ನಡದ ‘ಅೞಿ’ ಧಾತುವಿಗೆ ಇಲ್ಲವಾಗು, ನಾಶವಾಗು ಎಂದರ್ಥ. ಅರಿವು, ಅಳಿಕೆ ಎಂಬೆರಡು ಪದಗಳು ಕೂಡುವಾಗ ನಡುವಣ ಉಕಾರವು ಲೋಪವಾಗಿ ‘ಅರಿವಳಿಕೆ’ ಎಂದಾಗಿದೆ. ಇಂಗ್ಲಿಷಿನ ‘ಅನಸ್ತೀಷಿಯಾ’ ಎಂಬ ಶಬ್ದವೂ ಇದೇ ಅರ್ಥದ್ದು. ಸಂವೇದನೆ ಇಲ್ಲದಿರುವಿಕೆ ಎಂಬರ್ಥದ ಗ್ರೀಕ್ ಪದದಿಂದ ತೆಗೆದುಕೊಂಡು ಅದನ್ನು 1846ರಲ್ಲಿ ಸೂಚಿಸಿದವನು ಅಮೆರಿಕದ ವೈದ್ಯನೂ ಸಾಹಿತಿಯೂ ಆದ ಆಲಿವರ್ ವೆಂಡೆಲ್ ಹೋಮ್ಸ್.

ಶಬ್ದದ ಅರ್ಥವನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವುಂಟು. ಎಚ್ಚರವಿರುವ ಮನುಷ್ಯನು ಗಂಟಲಿಗೆ ಏನಾದರೂ ಸಿಕ್ಕಿದರೆ ಕೆಮ್ಮುತ್ತಾನೆ. ಬಾಯಿಗೆ ಕೊಳಕು ತಾಗಿದರೆ ಉಗುಳುತ್ತಾನೆ. ಪರರ ಎಂಜಲು ಲೋಟವನ್ನು ಮುಂದೆ ಹಿಡಿದರೆ ಬೇಡವೆನ್ನುತ್ತಾನೆ. ಅರಿವು ಅಳಿದವನಿಗೆ ಇವಾವುವೂ ಸಾಧ್ಯವಿಲ್ಲ. ಅನೇಕ ವೇಳೆ ತನ್ನ ಉಸಿರನ್ನು ತಾನೇ ಎಳೆಯುವುದು ಕೂಡ ಸಾಧ್ಯವಿಲ್ಲ. ಅವನ ಬಾಯಿ, ಗಂಟಲು, ಶ್ವಾಸನಾಳ, ರಕ್ತನಾಳ ಇವೆಲ್ಲವೂ ಆ ಹೊತ್ತಿನಲ್ಲಿ ಅನ್ಯರ ಕೈಯಲ್ಲಿರುತ್ತವೆ. ಆದಕಾರಣ ಒಬ್ಬನ ಅರಿವನ್ನು ಅಳಿಸಿದವರು ಅವನ ಪಾಲಿನ ಎಚ್ಚರವನ್ನೂ ತಾವೇ ಹೊರಬೇಕಾಗುತ್ತದೆ. ಈ ಎಚ್ಚರದ ಒಂದು ಭಾಗ ಯಂತ್ರದ ಗಡಿಯಾರಗಳಲ್ಲಿ, ನಾಡಿಯ ಮಿಡಿತದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮತ್ತೊಂದು ಭಾಗ ಕಣ್ಣಿಗೆ ಬೀಳದು. ಅರಿವಳಿಕೆಯ ಉಪಕರಣಗಳ ಮೇಲೆಯೂ ಅದರ ಸುತ್ತಲಿನ ಮೇಜು, ತಿರುಗಣೆ, ನಲ್ಲಿಗಳ ಮೇಲೆಯೂ ನೆಲಸುವ ಸೂಕ್ಷ್ಮಜೀವಿಗಳ ವಿಷಯವಾದ ಎಚ್ಚರವೇ ಅದು. ಪ್ರಸ್ತುತ ಲೇಖನದ ವಸ್ತುವೂ ಅದೇ.

ಎರಡು ವರಗಳು

ಹತ್ತೊಂಬತ್ತನೆಯ ಶತಮಾನವು ಶಸ್ತ್ರವೈದ್ಯಕ್ಕೆ ಎರಡು ಮಹಾವರಗಳನ್ನಿತ್ತಿತು. ಮೊದಲನೆಯದು ನೋವಿನಿಂದ ಬಿಡುಗಡೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಈಥರ್ ಆವಿಯನ್ನು ರೋಗಿಗೆ ಕೊಟ್ಟು, ನೋವಿನ ಕೂಗಿಲ್ಲದೆ ಶಸ್ತ್ರಕ್ರಿಯೆ ಸಾಧ್ಯವೆಂದು ನೆರೆದ ವೈದ್ಯರಿಗೆ ತೋರಿಸಿಕೊಟ್ಟನು. ಎರಡನೆಯದು ಕೀವಿನಿಂದ ಬಿಡುಗಡೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯನು ಶವಪರೀಕ್ಷೆ ಮಾಡಿ ಬಂದ ಕೈಗಳನ್ನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ತೊಳೆಯಿಸಿ ಬಾಣಂತಿಯರ ಮರಣವನ್ನು ಬಹುಮಟ್ಟಿಗೆ ತಗ್ಗಿಸಿದನು. ಆದರೆ ಅವನ ಮಾತಿಗೆ ಅಂದು ಮನ್ನಣೆ ದೊರೆಯಲಿಲ್ಲ. ಜೋಸೆಫ್ ಲಿಸ್ಟರನು ಗ್ಲಾಸ್ಗೋ ನಗರದಲ್ಲಿ 1865ರಲ್ಲಿ ಕಾರ್ಬಾಲಿಕ್ ಆಮ್ಲವನ್ನು ಗಾಯಗಳಿಗೆ ಪ್ರಯೋಗಿಸಿ, 1867ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆಯೇ ಕ್ರಿಮಿನಾಶದ ತತ್ತ್ವಕ್ಕೆ ಗಟ್ಟಿಯಾದ ನೆಲೆ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲನೆಯ ವರಕ್ಕೂ ಎರಡನೆಯ ವರಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳ ಅಂತರವಿತ್ತು. ಆ ಅವಧಿಯಲ್ಲಿ ನೋವಿನ ಭಯವಿಲ್ಲದೆ ದೀರ್ಘವಾದ, ಆಳವಾದ ಶಸ್ತ್ರಕ್ರಿಯೆಗಳು ನಡೆಯತೊಡಗಿದವು. ಅವುಗಳನ್ನು ಹಿಂಬಾಲಿಸಿ ಕೀವೂ ನಂಜೂ ಬಂದವು. ಅರಿವಳಿಕೆ ಮುಂದೆ ಹೋಗಿ ಶುಚಿತ್ವ ಹಿಂದುಳಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲೇ ಇರುವ ನಿದರ್ಶನವಿದು.

ಲಿಸ್ಟರನ ತರುವಾಯ ಶಸ್ತ್ರವೈದ್ಯರ ಕಡೆಯ ಶುಚಿತ್ವವು ಬಹುಬೇಗ ಬೆಳೆಯಿತು. ಬರ್ಲಿನ್ನಿನಲ್ಲಿ ಬೆರ್ಗ್‌ಮನ್ ಮತ್ತು ಅವನ ಸಹಾಯಕ ಶಿಮ್ಮೆಲ್‌ಬುಷ್ ಇವರು ಬಟ್ಟೆ, ಶಸ್ತ್ರಗಳನ್ನು ಕುದಿನೀರಿನಿಂದಲೂ ಹಬೆಯಿಂದಲೂ ಶುದ್ಧಿಗೊಳಿಸುವ ಕ್ರಮವನ್ನು ರೂಢಿಗೆ ತಂದರು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹಾಲ್ಸ್ಟೆಡ್ ಎಂಬ ಶಸ್ತ್ರವೈದ್ಯನು, ಕ್ರಿಮಿನಾಶಕ ದ್ರವದಿಂದ ದಾದಿಯೊಬ್ಬಳ ಕೈ ಚರ್ಮ ಕೆಡುತ್ತಿದ್ದುದನ್ನು ಕಂಡು ತೆಳುವಾದ ರಬ್ಬರಿನ ಕೈಗವಸುಗಳನ್ನು ಮಾಡಿಸಿದನು. ಚರ್ಮದ ರಕ್ಷಣೆಗೆಂದು ಹುಟ್ಟಿದ ಆ ಕೈಗವಸು ರೋಗಿಯ ರಕ್ಷಣೆಯ ಸಾಧನವಾಗಿ ಲೋಕಮಾನ್ಯವಾಯಿತು.

ಅರಿವಳಿಕೆಯ ಕಡೆ ಎಚ್ಚರದ ನುಡಿ ಇರಲೇ ಇಲ್ಲವೆಂದಲ್ಲ. ಲಿವರ್‌ಪೂಲ್ ನಗರದ ಥಾಮಸ್ ಸ್ಕಿನ್ನರ್ ಎಂಬ ವೈದ್ಯನು 1862ರಲ್ಲಿಯೇ ತಂತಿಯ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದ ಸರಳವಾದ ಮುಖವಾಡವೊಂದನ್ನು ರೂಪಿಸಿದ್ದನು. ಅದರ ಬಟ್ಟೆಯನ್ನು ಬದಲಿಸಬಹುದಾಗಿತ್ತು. ಒಬ್ಬನು ಉಸಿರಾಡಿದ ಬಾಯಿತುಂಡಿನಿಂದಲೇ, ಅದೇ ಕೊಳವೆಯಿಂದಲೇ ಮುಂದಿನವನನ್ನೂ ಉಸಿರಾಡಿಸುವ ಅಂದಿನ ಉಪಕರಣಗಳ ಮಲಿನತೆಯನ್ನು ಅವನು 1873ರಲ್ಲಿ ಕಟುವಾಗಿ ಟೀಕಿಸಿದನು. ಮೇಲೆ ಹೇಳಿದ ಶಿಮ್ಮೆಲ್‌ಬುಷ್ ಕೂಡ 1890ರ ಸುಮಾರಿನಲ್ಲಿ, ಬಟ್ಟೆ ಬದಲಿಸಬಹುದಾದ ಅಂಥದೇ ಮುಖವಾಡವನ್ನು ಮಾಡಿದನು. ಆದರೆ ಕಾಲಕ್ರಮದಲ್ಲಿ ಉಪಕರಣಗಳು ಸಂಕೀರ್ಣವಾದವು. ಲಂಡನ್ನಿನ ಬಾಯ್ಲ್ ಎಂಬ ವೈದ್ಯನು 1917ರಲ್ಲಿ ರೂಪಿಸಿದ ಯಂತ್ರದಿಂದ ಮೊದಲ್ಗೊಂಡು ಇಂದಿನ ವಿದ್ಯುನ್ಮಾನ ಯಂತ್ರಗಳವರೆಗೆ ಕವಾಟ, ತಿರುಗಣೆ, ಗುಂಡಿ, ಕೊಳವೆ, ಚೀಲಗಳ ಸಂಖ್ಯೆ ಹೆಚ್ಚುತ್ತ ಬಂದಿತು. ತಂತಿಯ ಮುಖವಾಡವನ್ನು ಕುದಿಸಬಹುದಾಗಿತ್ತು, ಯಂತ್ರವನ್ನು ಕುದಿಸಲಾಗದು.

ಒಂದು ಕೊಠಡಿ, ಎರಡು ಲೋಕ

ಶಸ್ತ್ರಚಿಕಿತ್ಸೆ ನಡೆಯುವಾಗ ರೋಗಿಯ ಎದೆಯ ಅಥವಾ ಕತ್ತಿನ ಬಳಿ ಅಡ್ಡಲಾಗಿ ಬಟ್ಟೆಯ ತೆರೆಯೊಂದನ್ನು ಕಟ್ಟುವುದು ವಾಡಿಕೆ. ತೆರೆಯ ಆಚೆಗೆ ಶಸ್ತ್ರವೈದ್ಯನ ಲೋಕ. ಅಲ್ಲಿ ಪ್ರತಿಯೊಂದು ವಸ್ತುವೂ ಹಬೆಯಲ್ಲಿ ಬೆಂದು ಬಂದದ್ದು; ಕೈ ತೊಳೆದು ಗವಸು ತೊಟ್ಟವನು ಅಕಸ್ಮಾತ್ ಬೇರೊಂದು ವಸ್ತುವನ್ನು ಮುಟ್ಟಿದರೆ ಗವಸನ್ನು ಆ ಕ್ಷಣವೇ ಕಳಚಬೇಕು. ತೆರೆಯ ಈಚೆಗೆ, ರೋಗಿಯ ತಲೆಯ ಕಡೆಗೆ, ಅರಿವಳಿಕೆ ವೈದ್ಯನ ಲೋಕ. ಅಲ್ಲಿಯ ಸೂಜಿಯೂ ಔಷಧಿಯೂ ಕ್ರಿಮಿಶುದ್ಧವೇ. ಆದರೆ ಅವನ್ನು ಸುತ್ತುವರಿದಿರುವ ಯಂತ್ರದ ಮೈ, ಔಷಧಿಯ ಕೈಗಾಡಿಯ ಡ್ರಾಯರುಗಳು, ಕೀಲಿಮಣೆ, ರಕ್ತದೊತ್ತಡದ ಪಟ್ಟಿ, ತಂತಿಗಳು ಒಬ್ಬ ರೋಗಿಯಿಂದ ಮತ್ತೊಬ್ಬ ರೋಗಿಗೆ ಹಾಗೆಯೇ ಮುಂದುವರಿಯುವಂಥವು. ಗಾಯವು ತೆರೆಯ ಆಚೆಗಿದೆ, ಈಚೆಗಿಲ್ಲ ಎಂಬ ಭಾವನೆ ಇದಕ್ಕೆ ಮೂಲ. ಆದರೆ ರಕ್ತನಾಳಕ್ಕೆ ನೇರವಾಗಿ ತೆರೆಯುವ ಬಾಗಿಲು ತೆರೆಯ ಈಚೆಗೇ ಇದೆ ಎಂಬುದು ಬಹುಕಾಲ ಯಾರ ಗಮನವನ್ನೂ ಸಾಕಷ್ಟು ಸೆಳೆಯಲಿಲ್ಲ.

ಅರಿವಳಿಕೆಯ ಮೊದಲ ಕೆಲವು ನಿಮಿಷಗಳ ಕೆಲಸವನ್ನು ಕ್ರಮವಾಗಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ವೈದ್ಯನು ಮೊದಲು ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾನೆ. ರೋಗಿ ಮೈಮರೆತೊಡನೆ ಮುಖವಾಡವನ್ನು ಮುಖಕ್ಕೆ ಒತ್ತಿ ಹಿಡಿದು ಉಸಿರಿನ ಚೀಲವನ್ನು ಹಿಸುಕುತ್ತಾನೆ. ಬಳಿಕ ಎಡಗೈಯಲ್ಲಿ ಲ್ಯಾರಿಂಗೋಸ್ಕೋಪ್ ಹಿಡಿದು ಅದರ ಅಲಗಿನಿಂದ ನಾಲಗೆಯನ್ನು ಬದಿಗೆ ಸರಿಸಿ, ಬಲಗೈಯಿಂದ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸುತ್ತಾನೆ. ಈಗ ಅವನ ಗವಸಿನ ಮೇಲೆ ರೋಗಿಯ ಲಾಲಾರಸವಿದೆ. ಕೆಲವೊಮ್ಮೆ ರಕ್ತವೂ ಇದೆ. ಇಲ್ಲಿಂದ ಮುಂದಿನ ಕೆಲಸಗಳು ಒಂದು ಕ್ಷಣವೂ ಕಾಯುವಂಥವಲ್ಲ. ಕೊಳವೆಯನ್ನು ಯಂತ್ರಕ್ಕೆ ಜೋಡಿಸಬೇಕು, ಒತ್ತಡದ ಕವಾಟವನ್ನು ಹೊಂದಿಸಬೇಕು, ಅರಿವಳಿಕೆಯ ಆವಿಯ ತಿರುಗಣೆಯನ್ನು ತಿರುಗಿಸಬೇಕು, ರಕ್ತದೊತ್ತಡ ಇಳಿದರೆ ಡ್ರಾಯರನ್ನು ಎಳೆದು ಮತ್ತೊಂದು ಔಷಧಿಯನ್ನು ತೆಗೆಯಬೇಕು. ಇಷ್ಟನ್ನೂ ಮಾಡುವ ಕೈ ಯಾವುದು? ಆಗ ತಾನೇ ಬಾಯೊಳಗಿಂದ ಹೊರಬಂದ ಕೈ.

ಕನ್ನಡ ನಾಡಿನ ಯಾವ ಮನೆಯ ಅಜ್ಜಿಗಾದರೂ ಇದರ ತತ್ತ್ವವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎಂಜಲು ಕೈಯಿಂದ ಉಪ್ಪಿನಕಾಯಿಯ ಜಾಡಿಯನ್ನು ಮುಟ್ಟಬಾರದು, ಒದ್ದೆ ಸೌಟನ್ನು ಅದರೊಳಗೆ ಇಳಿಸಬಾರದು ಎಂಬುದು ಅಡುಗೆಮನೆಯ ಮೊದಲ ಪಾಠ. ಮುಟ್ಟಿದ ದಿನ ಏನೂ ಕಾಣಿಸದು. ವಾರ ಕಳೆದ ಮೇಲೆ ಬೂಷ್ಟು ತಾನಾಗಿ ಮೇಲೆ ಬರುತ್ತದೆ. ಅರಿವಳಿಕೆಯ ಮೇಜಿನ ಸಮಸ್ಯೆಯನ್ನು ಸಂಗ್ರಹವಾಗಿ ಹೇಳುವುದಾದರೆ ಇದೇ: ಎಂಜಲು ಕೈ ಜಾಡಿಯನ್ನು ಮುಟ್ಟುತ್ತಿದೆ.

ಕಾಣದ ನಿವಾಸಿಗಳು

ಈ ಎಂಜಲಿನಲ್ಲಿರುವುದೇನು? ಆರೋಗ್ಯವಂತನ ಬಾಯಿ, ಮೂಗು, ಚರ್ಮಗಳಲ್ಲಿಯೂ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವು ತಮ್ಮ ನೆಲೆಯಲ್ಲಿರುವಷ್ಟು ಕಾಲ ಸುಮ್ಮನಿದ್ದು, ಗಾಯವನ್ನೋ ರಕ್ತವನ್ನೋ ಸೇರಿದಾಗ ಶತ್ರುಗಳಾಗುತ್ತವೆ. ಸ್ಟೆಫಿಲೊಕಾಕಸ್ ಆರಿಯಸ್ ಎಂಬುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಗೊಂಚಲಿನಂತೆ ಕಾಣುವುದರಿಂದಲೂ ಅದರ ಸಮೂಹಗಳು ಬಂಗಾರದ ಬಣ್ಣ ತಾಳುವುದರಿಂದಲೂ ಅದಕ್ಕೆ ಆ ಹೆಸರು ಬಂದಿದೆ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ನೆಲಸಿರುತ್ತದೆ. ಅದೇ ಜೀವಿ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಇಳಿದರೆ ಕೀವು. ರಕ್ತಕ್ಕೆ ಇಳಿದರೆ ಪ್ರಾಣಾಪಾಯ. ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ಅದರ ತಳಿಗಳು 1961ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಕಂಡುಬಂದವು.

ಒಣಗಿದ ಮೇಲ್ಮೈಯಲ್ಲಿ ಇವು ಬೇಗನೆ ಸಾಯುತ್ತವೆಂಬ ನಂಬಿಕೆ ಅನೇಕರಲ್ಲಿದೆ. ಅದು ನಿಜವಲ್ಲ. ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಸ್ಟೆಫಿಲೊಕಾಕಸ್ ಆರಿಯಸ್ ನಿರ್ಜೀವ ವಸ್ತುಗಳ ಮೇಲೆ 7 ದಿನಗಳಿಂದ 7 ತಿಂಗಳವರೆಗೆ ಬದುಕಿರಬಲ್ಲದು. ಆಸ್ಪತ್ರೆಗಳಿಗೆ ದೊಡ್ಡ ತಲೆನೋವಾಗಿರುವ ಅಸಿನೆಟೋಬ್ಯಾಕ್ಟರ್ ಎಂಬುದು 3 ದಿನಗಳಿಂದ 5 ತಿಂಗಳವರೆಗೆ ಬದುಕಬಲ್ಲದು. ಹೀಗಿರುವಾಗ ಸೋಮವಾರ ಯಂತ್ರದ ತಿರುಗಣೆಗೆ ಅಂಟಿದ ಜೀವಿ ಮುಂದಿನ ಸೋಮವಾರದ ರೋಗಿಗಾಗಿ ಕಾದು ಕುಳಿತಿರುವುದು ಅಸಂಭವವೇನಲ್ಲ.

ಕಣ್ಣಿಗೆ ಕಾಣದುದನ್ನು ಎಣಿಸುವ ಬಗೆ ಹೇಗೆ? ಒದ್ದೆ ಮಾಡಿದ ಕ್ರಿಮಿಶುದ್ಧ ಹತ್ತಿಯ ಕಡ್ಡಿಯಿಂದ ಮೇಲ್ಮೈಯನ್ನು ಒರೆಸಿ, ಅದನ್ನು ಪೋಷಕದ್ರವ್ಯ ಬೆರೆಸಿದ ಅಗರ್ ಎಂಬ ಗಟ್ಟಿ ಲೋಳೆಯ ಮೇಲೆ ಸವರಿ, ದೇಹದ ಉಷ್ಣತೆಯಲ್ಲಿ ಒಂದೆರಡು ದಿನ ಇಡುತ್ತಾರೆ. ಅಂಟಿದ್ದ ಒಂದೊಂದು ಜೀವಿಯೂ ಲಕ್ಷಾಂತರವಾಗಿ ವೃದ್ಧಿಸಿ ಬರಿಗಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಈ ಚುಕ್ಕೆಗೆ ‘ಕಾಲೊನಿ’ ಎಂದು ಹೆಸರು. ಚುಕ್ಕೆಗಳನ್ನು ಎಣಿಸಿದರೆ ಮೇಲ್ಮೈಯ ಮಾಲಿನ್ಯದ ಅಳತೆ ದೊರೆಯುತ್ತದೆ.

ಒಂದು ಪರೀಕ್ಷೆ

ಈ ವಿಷಯದಲ್ಲಿ ವೈದ್ಯಲೋಕದ ಕಣ್ಣು ತೆರೆಸಿದ ಅಧ್ಯಯನವೊಂದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಡಾರ್ಟ್‌ಮತ್-ಹಿಚ್‌ಕಾಕ್ ವೈದ್ಯಕೇಂದ್ರದಲ್ಲಿ ನಡೆಯಿತು. ರ್‍ಯಾಂಡಿ ಲೋಫ್ಟಸ್ ಮತ್ತು ಸಂಗಡಿಗರು ಅದನ್ನು 2008ರಲ್ಲಿ ಪ್ರಕಟಿಸಿದರು. 61 ಶಸ್ತ್ರಚಿಕಿತ್ಸೆಗಳನ್ನು ಅವರು ಆರಿಸಿಕೊಂಡರು. ಯಂತ್ರದ ಮೇಲೆ ಕೈ ಪದೇ ಪದೇ ತಾಗುವ ಎರಡು ಜಾಗಗಳನ್ನು, ಅಂದರೆ ಒತ್ತಡದ ಕವಾಟವನ್ನೂ ಅರಿವಳಿಕೆ ಆವಿಯ ತಿರುಗಣೆಯನ್ನೂ, ಶಸ್ತ್ರಚಿಕಿತ್ಸೆಯ ಆರಂಭದಲ್ಲಿಯೂ ಮುಕ್ತಾಯದಲ್ಲಿಯೂ ಪರೀಕ್ಷಿಸಿದರು. ಒಂದೇ ಶಸ್ತ್ರಚಿಕಿತ್ಸೆಯ ಅವಧಿಯಲ್ಲಿ, ಪರೀಕ್ಷಿಸಿದ ಮೇಲ್ಮೈಯಲ್ಲಿ ಸರಾಸರಿ 115 ಕಾಲೊನಿಗಳಷ್ಟು ಮಾಲಿನ್ಯ ಹೆಚ್ಚಿತ್ತು.

ಇದಕ್ಕಿಂತ ಮುಖ್ಯವಾದದ್ದು ಎರಡನೆಯ ಫಲಿತಾಂಶ. ರೋಗಿಯ ಕೈಗೆ ಏರಿಸಿದ ಡ್ರಿಪ್ ಕೊಳವೆಯ ನಡುವೆ ಮೂರು ದಾರಿಯ ಚಿಕ್ಕ ನಲ್ಲಿಯೊಂದಿರುತ್ತದೆ. ಆಸ್ಪತ್ರೆಗಳಲ್ಲಿ ಅದನ್ನು ‘ತ್ರೀ-ವೇ’ ಎಂದೇ ಕರೆಯುವುದು ರೂಢಿ. ವೈದ್ಯನು ಔಷಧಿಗಳನ್ನು ಸೇರಿಸುವುದು ಇದರ ಮೂಲಕ. ಶಸ್ತ್ರಚಿಕಿತ್ಸೆಯ ಆರಂಭದಲ್ಲಿ ಈ ನಲ್ಲಿ ಕ್ರಿಮಿಶುದ್ಧವಾಗಿರುತ್ತದೆ. ಮುಕ್ತಾಯದಲ್ಲಿ ಅದರ ಒಳಭಾಗವನ್ನು ಪರೀಕ್ಷಿಸಿದಾಗ ನೂರಕ್ಕೆ 32ರಷ್ಟು ಶಸ್ತ್ರಚಿಕಿತ್ಸೆಗಳಲ್ಲಿ ಬ್ಯಾಕ್ಟೀರಿಯಾಗಳು ಸಿಕ್ಕಿದವು. ಔಷಧಿಗೆ ಬಗ್ಗದ ತಳಿಗಳೂ ಅವುಗಳಲ್ಲಿದ್ದವು. ರಕ್ತನಾಳಕ್ಕೂ ಆ ನಲ್ಲಿಗೂ ನಡುವೆ ಇರುವುದು ಒಂದಷ್ಟು ಉದ್ದದ ಕೊಳವೆ ಮಾತ್ರ. ಚರ್ಮ, ಲೋಳೆಪೊರೆ ಮೊದಲಾದ ದೇಹದ ಕೋಟೆಗಳನ್ನು ಒಂದೊಂದಾಗಿ ಭೇದಿಸಿ ಒಳಹೋಗಬೇಕಾದ ಸೂಕ್ಷ್ಮಜೀವಿಗೆ ಕೋಟೆಯ ಹಿಂಬಾಗಿಲು ತೆರೆದು ಸಿಕ್ಕಂತಾಯಿತು.

ಅದೇ ತಂಡವು ಮೂರು ಆಸ್ಪತ್ರೆಗಳಲ್ಲಿ 548 ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 23ರಷ್ಟು ನಲ್ಲಿಗಳು ಮಲಿನವಾಗಿದ್ದವು. ಅದಕ್ಕೆ ಮೂಲಗಳು ಮೂರು: ರೋಗಿಯ ದೇಹ, ವೈದ್ಯರ ಕೈ, ಸುತ್ತಲಿನ ಮೇಲ್ಮೈ. ಕೆಲವು ಪ್ರಸಂಗಗಳಲ್ಲಿ ಮೊದಲ ರೋಗಿಯಿಂದ ಎರಡನೆಯ ರೋಗಿಗೆ ಜೀವಿಗಳು ದಾಟಿದ್ದುದೂ ದೃಢಪಟ್ಟಿತು. ನಲ್ಲಿಯ ಮಾಲಿನ್ಯಕ್ಕೂ ರೋಗಿಗಳ ಮರಣಕ್ಕೂ ಸಂಬಂಧವಿರುವುದು ಲೆಕ್ಕಾಚಾರದಲ್ಲಿ ಕಂಡುಬಂದಿತು. ಸಂಬಂಧ ಕಂಡ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು. ಕಾಯಿಲೆ ಹೆಚ್ಚಾಗಿರುವ ರೋಗಿಗೆ ಔಷಧಿಯೂ ಹೆಚ್ಚು, ನಲ್ಲಿಗೆ ಕೈ ತಾಗುವುದೂ ಹೆಚ್ಚು. ಆದರೂ ಅಲಕ್ಷ್ಯ ಮಾಡಬಹುದಾದ ಸೂಚನೆ ಅದಲ್ಲ.

ಹಾಲಿನಂಥ ಔಷಧಿಯ ಕಥೆ

ಮಾಲಿನ್ಯದಿಂದ ರೋಗ ಬಂದುದಕ್ಕೆ ನಿಚ್ಚಳವಾದ ನಿದರ್ಶನವನ್ನು ಪ್ರೊಪೊಫಾಲ್ ಎಂಬ ಔಷಧಿಯ ಚರಿತ್ರೆಯಲ್ಲಿ ಕಾಣಬಹುದು. 1980ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಈ ಅರಿವಳಿಕೆಯ ಔಷಧಿ ನೀರಿನಲ್ಲಿ ಕರಗದು. ಆದ್ದರಿಂದ ಅದನ್ನು ಸೋಯಾ ಎಣ್ಣೆಯಲ್ಲಿ ಬೆರೆಸಿ, ಮೊಟ್ಟೆಯ ಲೆಸಿಥಿನ್ನಿನ ನೆರವಿನಿಂದ ನೀರಿನೊಡನೆ ಕೂಡಿಸುತ್ತಾರೆ. ನೋಡಲು ಹಾಲಿನಂತೆ ಬೆಳ್ಳಗಿರುವ ಆ ದ್ರವವು ಹಾಲಿನಂತೆಯೇ ಸೂಕ್ಷ್ಮಜೀವಿಗಳಿಗೆ ಪುಷ್ಟಿಕರವಾದ ಆಹಾರ. ಹಾಲು ಕೆಟ್ಟರೆ ಒಡೆಯುತ್ತದೆ, ಹುಳಿಯ ವಾಸನೆ ಕೊಡುತ್ತದೆ. ಇದು ಕೆಟ್ಟರೆ ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯದೆ ಹೋಗಬಹುದು.

1990ರಿಂದ 1993ರವರೆಗಿನ ಅವಧಿಯಲ್ಲಿ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಅನಂತರ ಕಾರಣ ತಿಳಿಯದ ಸೋಂಕುಗಳು ತಲೆದೋರಿದವು. ಆ ದೇಶದ ರೋಗನಿಯಂತ್ರಣ ಕೇಂದ್ರದ ತಜ್ಞರು ಬಂದು ಪರಿಶೀಲಿಸಿದರು. ಹೀಗೆ ತೊಂದರೆಗೊಳಗಾದ 62 ರೋಗಿಗಳು ಪತ್ತೆಯಾದರು. ಔಷಧಿ ಕಾರ್ಖಾನೆಯಿಂದ ಶುದ್ಧವಾಗಿಯೇ ಬಂದಿತ್ತು; ಮಲಿನವಾದದ್ದು ಅದನ್ನು ಸಿರಿಂಜಿಗೆ ತುಂಬಿ ಕೊಡುವವರ ಕೈಯಲ್ಲಿ. ಒಂದೇ ಸೀಸೆಯಿಂದ ಹಲವು ರೋಗಿಗಳಿಗೆ ತೆಗೆಯುವುದು, ಬಹಳ ಹೊತ್ತಿಗೆ ಮುಂಚೆಯೇ ಸಿರಿಂಜುಗಳನ್ನು ತುಂಬಿಡುವುದು ಮೊದಲಾದ ಲೋಪಗಳು ಬೆಳಕಿಗೆ ಬಂದವು. ಈ ವರದಿ 1995ರಲ್ಲಿ ಪ್ರಕಟವಾಯಿತು. ಮುಂದೆ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುವ ದ್ರವ್ಯವನ್ನು ಅಮೆರಿಕದಲ್ಲಿ ಆ ಔಷಧಿಗೆ ಸೇರಿಸಿದರು. ಆದರೆ ಅದು ಬೆಳವಣಿಗೆಯನ್ನು ನಿಧಾನ ಮಾಡುತ್ತದೆಯೇ ಹೊರತು ಪೂರ್ಣವಾಗಿ ತಡೆಯದು. ಒಂದು ಸೀಸೆ ಒಬ್ಬ ರೋಗಿಗೆ ಮಾತ್ರ, ಉಳಿದದ್ದನ್ನು ಕೆಲವು ಗಂಟೆಗಳೊಳಗೆ ಚೆಲ್ಲಬೇಕು ಎಂಬ ನಿಯಮ ಇಂದಿಗೂ ಅನಿವಾರ್ಯ. ಹೊರಗಿನಿಂದ ನೋಡುವವರಿಗೆ ಚೆಲ್ಲುವುದು ದುಂದುಗಾರಿಕೆಯೆಂದು ತೋರಬಹುದು. ಉಳಿಸಿದ ಒಂದು ತೊಟ್ಟಿನ ಬೆಲೆಯೇನೆಂಬುದನ್ನು ಮೇಲಿನ ಪ್ರಸಂಗವೇ ಹೇಳುತ್ತದೆ.

ಶುದ್ಧಿಯ ಮೂರು ಮೆಟ್ಟಿಲುಗಳು

ಎಲ್ಲ ವಸ್ತುಗಳನ್ನೂ ಒಂದೇ ಬಗೆಯಲ್ಲಿ ಶುದ್ಧಿಗೊಳಿಸುವುದು ಅಸಾಧ್ಯ; ಅನಾವಶ್ಯಕವೂ ಹೌದು. ಯಾವ ವಸ್ತುವಿಗೆ ಎಷ್ಟು ಶುದ್ಧಿ ಬೇಕೆಂಬುದಕ್ಕೆ ಅಮೆರಿಕದ ಅರ್ಲ್ ಸ್ಪೌಲ್ಡಿಂಗ್ ಎಂಬ ವಿದ್ವಾಂಸನು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸರಳವಾದ ವರ್ಗೀಕರಣವೊಂದನ್ನು ಮಾಡಿಕೊಟ್ಟನು. ಇಂದಿಗೂ ಅದೇ ಆಧಾರ.

ಮೊದಲನೆಯ ವರ್ಗ, ರಕ್ತವನ್ನು ಅಥವಾ ದೇಹದ ಒಳ ಅಂಗಾಂಶವನ್ನು ಸೇರುವ ವಸ್ತುಗಳು. ಸೂಜಿ, ಡ್ರಿಪ್ ಕೊಳವೆ, ಮೂರು ದಾರಿಯ ನಲ್ಲಿ ಇವು ಈ ವರ್ಗದವು. ಇವು ಸಂಪೂರ್ಣ ಕ್ರಿಮಿಶುದ್ಧವಾಗಿರಬೇಕು. ಮರಳಿ ಬಳಸುವ ಲೋಹದ ಶಸ್ತ್ರಗಳಾದರೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 15 ನಿಮಿಷ, ಅಥವಾ 134 ಡಿಗ್ರಿಯಲ್ಲಿ 3 ನಿಮಿಷ ಇರುವುದು ಸಾಮಾನ್ಯ ಅಳತೆ.

ಎರಡನೆಯ ವರ್ಗ, ಬಾಯಿ, ಗಂಟಲುಗಳ ಲೋಳೆಪೊರೆಯನ್ನು ತಾಗುವ ವಸ್ತುಗಳು. ಲ್ಯಾರಿಂಗೋಸ್ಕೋಪಿನ ಅಲಗು ಈ ವರ್ಗದ್ದು. ಇದನ್ನು ಮೊದಲು ಮಾರ್ಜಕದಿಂದ ತಿಕ್ಕಿ ತೊಳೆದು, ಅನಂತರ ಹಬೆಯಿಂದ ಇಲ್ಲವೆ ಪ್ರಬಲವಾದ ಕ್ರಿಮಿನಾಶಕದಿಂದ ಶುದ್ಧಿಗೊಳಿಸಬೇಕು. ಶೇಕಡ 2ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ 20 ನಿಮಿಷ ಮುಳುಗಿಸಿಡುವುದು ಬಹುಕಾಲದ ರೂಢಿ. ತಿಕ್ಕಿ ತೊಳೆಯುವ ಮೊದಲ ಹಂತವನ್ನು ಬಿಟ್ಟರೆ ಎರಡನೆಯದು ನಿಷ್ಫಲ. ಜಿಡ್ಡು ಹೋಗದ ಪಾತ್ರೆಯನ್ನು ಎಷ್ಟು ಹೊತ್ತು ನೀರಿನಲ್ಲಿಟ್ಟರೂ ಅದು ಬೆಳಗದಷ್ಟೆ.

ಲ್ಯಾರಿಂಗೋಸ್ಕೋಪಿನ ಹಿಡಿಯ ವಿಷಯ ಇಲ್ಲಿ ಪ್ರತ್ಯೇಕವಾಗಿ ಉಲ್ಲೇಖಾರ್ಹ. ಹಿಡಿ ಬಾಯೊಳಗೆ ಹೋಗುವುದಿಲ್ಲವಾದ್ದರಿಂದ ಅದನ್ನು ಬಟ್ಟೆಯಿಂದ ಒರೆಸಿದರೆ ಸಾಕೆಂದು ಹಲವೆಡೆ ತಿಳಿದಿದ್ದರು. ಆದರೆ ಕೆಲಸ ಮುಗಿದು ಅಲಗನ್ನು ಮಡಿಸಿದಾಗ ಅದರ ತುದಿ ಹಿಡಿಗೇ ಬಂದು ತಾಗುತ್ತದೆ. ಜಾರದಿರಲೆಂದು ಹಿಡಿಯ ಮೇಲೆ ಕೆತ್ತಿದ ಒರಟು ಗೀರುಗಳಲ್ಲಿ ಲಾಲಾರಸವೂ ರಕ್ತವೂ ಸೇರಿಕೊಳ್ಳುತ್ತವೆ. ಹೀಗಾಗಿ ಹಿಡಿಗೂ ಅಲಗಿನಷ್ಟೇ ಶುದ್ಧಿ ಬೇಕು, ಇಲ್ಲವೆ ಒಮ್ಮೆ ಬಳಸಿ ಬಿಸಾಡುವಂಥದನ್ನು ಉಪಯೋಗಿಸಬೇಕು ಎಂಬುದು ಇಂದಿನ ತಜ್ಞರ ಅಭಿಮತ.

ಮೂರನೆಯ ವರ್ಗ, ಗಾಯವಿಲ್ಲದ ಚರ್ಮವನ್ನು ಮಾತ್ರ ತಾಗುವ ಅಥವಾ ರೋಗಿಯನ್ನು ತಾಗದೆಯೇ ಇರುವ ವಸ್ತುಗಳು. ಯಂತ್ರದ ಮೈ, ತಿರುಗಣೆ, ಕೀಲಿಮಣೆ, ಕೈಗಾಡಿ, ರಕ್ತದೊತ್ತಡದ ಪಟ್ಟಿ ಇವು ಈ ವರ್ಗದವು. ಇವನ್ನು ಪ್ರತಿಯೊಬ್ಬ ರೋಗಿಯ ತರುವಾಯವೂ ಕ್ರಿಮಿನಾಶಕದಿಂದ ಒರೆಸಬೇಕು. ದ್ರವವು ತನ್ನ ಕೆಲಸ ಮಾಡಲು ಬೇಕಾದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು. ಇನ್ನು ಯಂತ್ರದ ಒಳಭಾಗವನ್ನು ಕಾಪಾಡಲು ರೋಗಿಯ ಕೊಳವೆಗೂ ಯಂತ್ರದ ಕೊಳವೆಗೂ ನಡುವೆ ಸೂಕ್ಷ್ಮವಾದ ಶೋಧಕವೊಂದನ್ನು ಇಟ್ಟು, ಪ್ರತಿ ರೋಗಿಗೂ ಅದನ್ನು ಬದಲಿಸುವ ಕ್ರಮವಿದೆ.

ಕೈಯೇ ಸೇತುವೆ

ಇಷ್ಟೆಲ್ಲ ಮಾಡಿದರೂ ಕೈಯ ವಿಷಯವನ್ನು ಮರೆತರೆ ಶ್ರಮವೆಲ್ಲ ವ್ಯರ್ಥ. ಮಲಿನವಾದ ತಿರುಗಣೆ ತಾನಾಗಿ ನಡೆದುಹೋಗಿ ನಲ್ಲಿಯನ್ನು ಮುಟ್ಟುವುದಿಲ್ಲ. ಅವೆರಡರ ನಡುವಣ ಸೇತುವೆ ಕೈ. ಗವಸು ತೊಟ್ಟ ಮಾತ್ರಕ್ಕೆ ಈ ಸೇತುವೆ ಮುರಿಯದು. ಗವಸು ತೊಟ್ಟವನನ್ನು ಕಾಪಾಡುತ್ತದೆ. ಅದನ್ನು ಕಳಚದೆ ಎಲ್ಲವನ್ನೂ ಮುಟ್ಟಿದರೆ ರೋಗಿಯನ್ನು ಕಾಪಾಡುವುದಿಲ್ಲ.

ಅಮೆರಿಕದ ಆರೋಗ್ಯಸೇವಾ ಸಾಂಕ್ರಾಮಿಕಶಾಸ್ತ್ರ ಸಂಘವು 2018ರಲ್ಲಿ ಹೊರತಂದ ಮಾರ್ಗಸೂಚಿಯು ಇದಕ್ಕೊಂದು ಸುಲಭೋಪಾಯವನ್ನು ಹೇಳುತ್ತದೆ. ಶ್ವಾಸನಾಳಕ್ಕೆ ಕೊಳವೆ ಇಳಿಸುವ ಮುನ್ನ ವೈದ್ಯನು ಒಂದರ ಮೇಲೊಂದರಂತೆ ಎರಡು ಜೊತೆ ಗವಸುಗಳನ್ನು ತೊಡಬೇಕು. ಬಾಯಿಯ ಕೆಲಸ ಮುಗಿದೊಡನೆ ಹೊರಗಿನ ಜೊತೆಯನ್ನು ಕಳಚಿಬಿಡಬೇಕು. ತುರ್ತಿನ ಆ ಗಳಿಗೆಯಲ್ಲಿ ಕೈ ತೊಳೆಯಲು ಸಮಯವಿಲ್ಲದಿದ್ದರೂ ಎಂಜಲು ಗವಸಿನೊಡನೆ ಹೋಗುತ್ತದೆ. ಅನುಕೂಲವಾದೊಡನೆ ಒಳಗಿನ ಜೊತೆಯನ್ನೂ ತೆಗೆದು ಕೈ ಶುದ್ಧಿ ಮಾಡಿಕೊಳ್ಳಬೇಕು. ಔಷಧಿಯ ಗಾಡಿಯ ಒಳಗಿನ ವಸ್ತುಗಳನ್ನು ಮುಟ್ಟುವ ಮುನ್ನ ಕೈ ಶುಚಿಯಾಗಿರಬೇಕು. ಔಷಧಿ ಕೊಡುವ ನಲ್ಲಿಯ ಬಾಯನ್ನೂ ಸೀಸೆಯ ರಬ್ಬರ್ ಮುಚ್ಚಳವನ್ನೂ ಪ್ರತಿ ಸಲವೂ ಆಲ್ಕೊಹಾಲಿನಿಂದ ಒರೆಸಬೇಕು.

ಕೈ ಶುದ್ಧಿಗೆ ಬೇಕಾದದ್ದು ದುಬಾರಿಯ ವಸ್ತುವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗದರ್ಶಿಯಲ್ಲಿ, ಶೇಕಡ 80ರ ಎಥನಾಲ್ ಇಲ್ಲವೆ ಶೇಕಡ 75ರ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಲ್ಪ ಪ್ರಮಾಣದ ಗ್ಲಿಸರಾಲ್ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಸೇರಿಸಿ ಆಸ್ಪತ್ರೆಗಳು ತಾವೇ ತಯಾರಿಸಿಕೊಳ್ಳಬಹುದಾದ ದ್ರವದ ವಿಧಾನವನ್ನು ಕೊಟ್ಟಿದೆ. ಅದನ್ನು ಅಂಗೈ, ಹಿಂಗೈ, ಬೆರಳ ಸಂದು, ಉಗುರ ತುದಿಗಳಿಗೆ 20ರಿಂದ 30 ಸೆಕೆಂಡುಗಳವರೆಗೆ ತಿಕ್ಕಿಕೊಂಡರೆ ಸಾಕು. ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ ಸಾಬೂನು, ನೀರು ಬೇಕೇ ಬೇಕು.

ಪ್ರಶ್ನೆ ಇರುವುದು ದ್ರವದ ಬೆಲೆಯದಲ್ಲ, ಅದು ಇರುವ ಸ್ಥಳದ್ದು. ಗೋಡೆಯ ಬಳಿ ಇಟ್ಟ ದ್ರವವನ್ನು ರೋಗಿಯ ಉಸಿರು ಕಾಯುತ್ತ ನಿಂತವನು ಬಿಟ್ಟುಹೋಗಿ ತೆಗೆದುಕೊಳ್ಳಲಾರ. ಡಾರ್ಟ್‌ಮತ್ತಿನ ವೈದ್ಯರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ದ್ರವದ ಚಿಕ್ಕ ಡಬ್ಬಿಯನ್ನು ಅರಿವಳಿಕೆ ವೈದ್ಯರ ಮೈಮೇಲೆಯೇ ಸಿಕ್ಕಿಸಿದರು. ಅದಕ್ಕೆ ಮೊದಲು ಗಂಟೆಗೆ ಒಮ್ಮೆಯೂ ನಡೆಯದಿದ್ದ ಕೈ ಶುದ್ಧಿ, ಗಂಟೆಗೆ ಏಳೆಂಟು ಬಾರಿಗೆ ಏರಿತು. ನಲ್ಲಿಗಳ ಮಾಲಿನ್ಯ ನೂರಕ್ಕೆ 32.8ರಿಂದ 7.5ಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳೂ ನೂರಕ್ಕೆ 17.2ರಿಂದ 3.8ಕ್ಕೆ ಇಳಿದವು. ಅದೇ ವೈದ್ಯರು, ಅದೇ ಯಂತ್ರ. ಬದಲಾದದ್ದು ಒಂದು ಡಬ್ಬಿಯ ಜಾಗ. ಉಪದೇಶಕ್ಕಿಂತ ಅನುಕೂಲವು ಕೆಲವೊಮ್ಮೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉಪಸಂಹಾರ

ಇದನ್ನೋದಿ ಯಾರೂ ಶಸ್ತ್ರಚಿಕಿತ್ಸೆಗೆ ಅಂಜಬೇಕಾಗಿಲ್ಲ. ಅರಿವಳಿಕೆಯು ಇಂದು ಹಿಂದೆಂದಿಗಿಂತ ಸುರಕ್ಷಿತ; ಮೇಲ್ಮೈಯಲ್ಲಿ ಸೂಕ್ಷ್ಮಜೀವಿ ಇದ್ದ ಮಾತ್ರಕ್ಕೆ ರೋಗ ಬಂದೇ ತೀರುವುದೆಂದೂ ಇಲ್ಲ. ಅರಿವಳಿಕೆ ವೈದ್ಯರನ್ನು ದೂಷಿಸುವುದೂ ಸಲ್ಲದು. ಉಸಿರು ನಿಲ್ಲುವ ಗಳಿಗೆಯಲ್ಲಿ ಕೈ ತೊಳೆಯಲು ಹೋಗುವವನು ವೈದ್ಯನಲ್ಲ. ಆ ಗಳಿಗೆಯ ಅವಸರವನ್ನು ಮೊದಲೇ ಊಹಿಸಿ, ಶುಚಿಯಾದ ವಸ್ತುಗಳ ಜಾಗ ಬೇರೆ, ಬಳಸಿದ ವಸ್ತುಗಳ ಜಾಗ ಬೇರೆ ಎಂದು ವಿಂಗಡಿಸಿ, ದ್ರವದ ಡಬ್ಬಿಯನ್ನು ಕೈಯೆಟುಕಿನಲ್ಲಿಟ್ಟು ಸಜ್ಜಾಗಿರುವುದೇ ವಿವೇಕ.

ಆಸ್ಪತ್ರೆಗಳಿಗೆ ಕೊಡುಗೈಯಿಂದ ನೆರವಾಗುವ ದಾನಿಗಳು ಇಲ್ಲಿ ಯೋಚಿಸಬೇಕಾದ ಮಾತೊಂದಿದೆ. ಹೊಸ ಯಂತ್ರವನ್ನು ಕೊಟ್ಟು ಅದರ ಮೇಲೆ ಹೆಸರನ್ನು ಕೆತ್ತಿಸುವುದು ಶ್ಲಾಘನೀಯವೇ ಸರಿ. ಆದರೆ ಆ ಯಂತ್ರಕ್ಕೆ ಪ್ರತಿ ರೋಗಿಗೊಂದರಂತೆ ಶೋಧಕ ಬೇಕು. ಒಂದು ಶುದ್ಧಿಗೆ ಹೋದಾಗ ಮತ್ತೊಂದು ಸಿದ್ಧವಿರುವಷ್ಟು ಲ್ಯಾರಿಂಗೋಸ್ಕೋಪುಗಳು ಬೇಕು. ಎರಡು ಶಸ್ತ್ರಚಿಕಿತ್ಸೆಗಳ ನಡುವೆ ಯಂತ್ರವನ್ನು ಅವಸರವಿಲ್ಲದೆ ಒರೆಸುವ ತರಬೇತಾದ ಕೆಲಸಗಾರ ಬೇಕು. ಇವುಗಳ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಆದರೆ ಯಂತ್ರವು ಪ್ರಾಣವನ್ನು ಕಾಯುವುದು ಇವುಗಳ ಬಲದಿಂದ.

ಶಿಕ್ಷಕರಿಗೂ ಇದರಲ್ಲಿ ಪಾಠವಿದೆ. ಊಟದ ಪಂಕ್ತಿಗೆ ಕೂಡುವ ಮುನ್ನ ಕೈ ತೊಳೆಯಿರೆಂದು ಮಗುವಿಗೆ ಹೇಳುವಾಗ, ಹೇಳುವವರಿಗೂ ಕೇಳುವವರಿಗೂ ಅದು ಸಣ್ಣ ಮಾತೆನಿಸುತ್ತದೆ. ಅಂಥ ಮಕ್ಕಳಲ್ಲಿ ಒಬ್ಬನು ಮುಂದೆ ವೈದ್ಯನಾಗಿ, ಒಬ್ಬಳು ದಾದಿಯಾಗಿ, ಮತ್ತೊಬ್ಬನು ಯಂತ್ರವನ್ನು ಒರೆಸುವ ಕೆಲಸಗಾರನಾಗಿ ಅರಿವಳಿದ ರೋಗಿಯ ತಲೆದೆಸೆಯಲ್ಲಿ ನಿಲ್ಲಬಹುದು. ಅಲ್ಲಿ ಅವರ ಕೈಯನ್ನು ನೋಡುವವರು ಯಾರೂ ಇಲ್ಲ. ರೋಗಿಗೆ ಎಚ್ಚರವಿಲ್ಲ, ಉಳಿದವರ ಕಣ್ಣು ಗಾಯದ ಮೇಲಿದೆ. ಯಾರೂ ನೋಡದಿದ್ದಾಗಲೂ ಕೈಯನ್ನು ಶುಚಿಗೊಳಿಸುವ ಅಭ್ಯಾಸವು ಬಾಲ್ಯದಲ್ಲಿ ಬೇರೂರಿದ್ದರೆ ಮಾತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ. ಒಬ್ಬನ ಅರಿವು ಅಳಿದಿರುವಾಗ ಅವನ ಸುತ್ತ ನಿಂತವರ ಅರಿವು ಉಳಿದಿರಬೇಕು. ಅರಿವಳಿಕೆ ಎಂಬ ಶಬ್ದವು ಹೊರಿಸುವ ಹೊಣೆ ಇಷ್ಟೇ.